ಹಾರ್ಡ್ ಡಿಸ್ಕ್ ಮಾರಾಟ ಹಾಗೂ ಗೇಮ್ ಕನ್ಸೋಲ್ ಜೋಡಣೆಯ ಕುರಿತು ದೂರು

ಡೊಂಬಿವಲಿ ಪೂರ್ವ
12 ಜುಲೈ 2025

ವ್ಯವಸ್ಥಾಪಕರಿಗೆ,
ಮಾರಾಟ ಮತ್ತು ಸೇವಾ ವಿಭಾಗ,
ಠಾಣೆ ಪಶ್ಚಿಮದ ಮಳಿಗೆ

ವಿಷಯ: ತಪ್ಪು ಮಾಹಿತಿ ನೀಡಿ ಮಾರಿದ ಹಾರ್ಡ್ ಡಿಸ್ಕನ್ನು ಹಿಂಪಡೆಯುವ ಹಾಗೂ ಜೋಡಣೆಯ ಶುಲ್ಕವನ್ನು ಮರಳಿಸುವ ಬಗ್ಗೆ.

ಮಾನ್ಯರೇ,

ಕಳೆದ ತಿಂಗಳು ತಮ್ಮ ಮಳಿಗೆಯಲ್ಲಿ ಪ್ಲೇಸ್ಟೇಷನ್ 5, ಒಂದು ಟಿವಿ ಮತ್ತು 4 ಟಿಬಿಯ ಯುಎಸ್‌ಬಿ ಹಾರ್ಡ್ ಡಿಸ್ಕ್ ಖರೀದಿಸಿ, ಅವನ್ನು ಮನೆಗೆ ಬಂದು ಜೋಡಿಸಿಕೊಡಲು ಪ್ರತ್ಯೇಕ ಶುಲ್ಕವನ್ನೂ ಕಟ್ಟಿದ್ದೆ. ಕನ್ಸೋಲ್‌ನಲ್ಲಾಗಲಿ ಟಿವಿಯಲ್ಲಾಗಲಿ ದೋಷವಿಲ್ಲ. ನನ್ನ ದೂರಿರುವುದು ತಮ್ಮ ಸಿಬ್ಬಂದಿ ಹೇಳಿದ ಮಾತಿನ ಮತ್ತು ಮಾಡಿದ ಕೆಲಸದ ಬಗ್ಗೆ.

ದೊಡ್ಡ ಆಟಗಳು ಒಂದೊಂದೇ 100 ಜಿಬಿ ದಾಟುವುದರಿಂದ ಕನ್ಸೋಲ್‌ನ ಒಳಗಿನ ಜಾಗ ಸಾಲದೆಂದು ನಾನು ಕೇಳಿದಾಗ, ತಮ್ಮ ಮಾರಾಟ ಪ್ರತಿನಿಧಿ “ಈ ಡಿಸ್ಕ್ ಸಿಕ್ಕಿಸಿದರೆ ಸಾಕು ಸಾರ್, ಎಲ್ಲ ಆಟವೂ ಇದರಿಂದಲೇ ಓಡುತ್ತದೆ” ಎಂದು ಖಚಿತವಾಗಿ ಹೇಳಿದರು. ಪ್ಲೇಸ್ಟೇಷನ್ 4ರ ಆಟಗಳ ಮಟ್ಟಿಗೆ ಈ ಮಾತು ಸರಿ. ಆದರೆ ಪ್ಲೇಸ್ಟೇಷನ್ 5ರ ಆಟಗಳನ್ನು ಯುಎಸ್‌ಬಿ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದೇ ಹೊರತು ಅದರಿಂದ ಆಡಲಾಗದು. ಆಡಬೇಕೆಂದಾಗಲೆಲ್ಲ ಅವನ್ನು ಕನ್ಸೋಲ್‌ಗೆ ನಕಲು ಮಾಡಿಕೊಳ್ಳಲೇಬೇಕು. ಈ ಆಟಗಳು ಸೆಕೆಂಡಿಗೆ ಸುಮಾರು 5.5 ಜಿಬಿ ವೇಗದಲ್ಲಿ ದತ್ತಾಂಶ ಓದುವ ಎಸ್‌ಎಸ್‌ಡಿಯನ್ನು (ತಿರುಗುವ ಭಾಗಗಳಿಲ್ಲದ ಸಂಗ್ರಹ ಸಾಧನ) ನೆಚ್ಚಿಕೊಂಡು ತಯಾರಾದವು, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಅದರ ಹತ್ತಿರಕ್ಕೂ ಬರುವುದಿಲ್ಲ. ನನಗೆ ಬೇಕಿದ್ದದ್ದು ಕನ್ಸೋಲ್‌ನ ಒಳಗೇ ಕೂರಿಸುವ, ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ಹೊದಿಕೆ) ಇರುವ ಎಂ.2 ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿ. ಅದು ತಮ್ಮ ಮಳಿಗೆಯ ಗಾಜಿನ ಕಪಾಟಿನಲ್ಲೇ ಇತ್ತು, ಯಾರೂ ತೋರಿಸಲಿಲ್ಲ.

ಡಿಸ್ಕನ್ನು ಬದಲಿಸಿಕೊಡಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, ಪ್ಯಾಕ್ ಒಡೆದ ಮಾಲನ್ನು ವಾಪಸ್ ಪಡೆಯುವುದಿಲ್ಲವೆಂಬ ಉತ್ತರ ಬಂತು. ಆ ಪ್ಯಾಕ್ ಒಡೆದು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿದವರು ತಮ್ಮದೇ ತಂತ್ರಜ್ಞರು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಇನ್ನು ಜೋಡಣೆಯ ವಿಚಾರ. ಟಿವಿಯ ಹಿಂಬದಿಯ ನಾಲ್ಕು ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಎರಡರ ಪಕ್ಕದಲ್ಲಿ ಮಾತ್ರ 4ಕೆ 120 ಹರ್ಟ್ಜ್ (ಅತಿ ಸ್ಪಷ್ಟ ಚಿತ್ರವನ್ನು ಸೆಕೆಂಡಿಗೆ 120 ಬಾರಿ ತೋರಿಸುವ ಸಾಮರ್ಥ್ಯ) ಎಂದು ಅಚ್ಚಾಗಿದೆ. ಅವುಗಳಲ್ಲಿ ಇಎಆರ್‌ಸಿ (ಟಿವಿಯ ಧ್ವನಿಯನ್ನು ಹೊರಗಿನ ಸ್ಪೀಕರ್‌ಗೆ ಕಳಿಸುವ ಸೌಲಭ್ಯ) ಇರುವ ಪೋರ್ಟ್ ಸೌಂಡ್‌ಬಾರ್‌ಗೆ ಹೋದದ್ದು ಸರಿಯೇ. ಆದರೆ ಇನ್ನೊಂದಕ್ಕೆ 120 ಹರ್ಟ್ಜ್‌ನ ಅಗತ್ಯವೇ ಇಲ್ಲದ ಸೆಟ್‌ಟಾಪ್ ಬಾಕ್ಸನ್ನು ಸಿಕ್ಕಿಸಿ, ಕನ್ಸೋಲನ್ನು ಮೂರನೆಯದಕ್ಕೆ, ಅದೂ ಎಲ್ಲಿಂದಲೋ ತಂದ ಹಳೆಯ ಕೇಬಲ್‌ನಲ್ಲಿ ಜೋಡಿಸಲಾಗಿತ್ತು. ಕನ್ಸೋಲ್ ಜೊತೆಗೆ ಬಂದಿದ್ದ ಅಲ್ಟ್ರಾ ಹೈಸ್ಪೀಡ್ ಕೇಬಲ್ ಸುತ್ತಿದ ತಂತಿಯನ್ನೂ ಬಿಚ್ಚದೆ ಡಬ್ಬಿಯಲ್ಲೇ ಉಳಿದಿತ್ತು. ಟಿವಿಯ ಸೆಟ್ಟಿಂಗ್‌ನಲ್ಲಿ ಕನ್ಸೋಲ್ ಜೋಡಿಸಿದ್ದ ಪೋರ್ಟ್‌ನ ಸಿಗ್ನಲ್ ಅನ್ನು ಎನ್‌ಹಾನ್ಸ್ಡ್ ಎಂದು ಬದಲಿಸದ ಕಾರಣ ಎಚ್‌ಡಿಆರ್ (ಬೆಳಕು, ನೆರಳು, ಬಣ್ಣಗಳನ್ನು ಹೆಚ್ಚು ಚೆನ್ನಾಗಿ ತೋರಿಸುವ ಚಿತ್ರ) ಕೂಡ ಬರುತ್ತಿರಲಿಲ್ಲ. ಇವೆಲ್ಲವನ್ನೂ ಕೊನೆಗೆ ನನ್ನ ಮಗನೇ ಸರಿಪಡಿಸಿದ. ಶುಲ್ಕ ಮಾತ್ರ ತಮಗೆ ಸಂದಿದೆ.

ವಸ್ತುವಿನ ಉಪಯೋಗದ ಬಗ್ಗೆ ತಪ್ಪು ಮಾಹಿತಿ ನೀಡಿ ಮಾರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕನ್ನು ಹಿಂಪಡೆದು ಅದರ ಪೂರ್ಣ ಬೆಲೆಯನ್ನು ಸೂಕ್ತ ಎಸ್‌ಎಸ್‌ಡಿಯ ಬೆಲೆಗೆ ಹೊಂದಿಸಿಕೊಡಬೇಕೆಂದೂ (ವ್ಯತ್ಯಾಸದ ಹಣ ಕೊಡಲು ನಾನು ಸಿದ್ಧ), ಜೋಡಣೆಯ ಶುಲ್ಕವನ್ನು ಮರಳಿಸಬೇಕೆಂದೂ ಕೋರುತ್ತೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಅಗತ್ಯಬಿದ್ದರೆ ಠಾಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ಬಿಲ್ಲಿನ ಪ್ರತಿ, ಜೋಡಣೆಯ ರಸೀದಿ ಹಾಗೂ ಟಿವಿಯ ಹಿಂಬದಿಯ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಹೆಸರು ಮತ್ತು ವಿಳಾಸ ಬಿಲ್ಲಿನಲ್ಲಿರುವಂತೆ)