ಪತ್ರಿಕೆಯ ಅಂಚಿನಲ್ಲಿ ಅಜ್ಜಿಯ ಸಹಿ

ಪ್ರೀತಿಯ ಮಗಳೇ,

ಭಾನುವಾರದ ಜಗಳವನ್ನು ಮತ್ತೆ ಬರೆಯುವುದಿಲ್ಲ. ಯಾರು ಏನೆಂದರು ಎಂಬುದು ಇಬ್ಬರಿಗೂ ನೆನಪಿದೆ. ಒಂದು ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ಮನೆಯ ಕಳ್ಳನ ಕಥೆ ಮಾರಿ ಹೆಸರು ಮಾಡಬೇಕೇ’ ಎಂದು ನಾನು ಕೇಳಬಾರದಿತ್ತು. ನೀನು ಮೇಜಿನ ಮೇಲೆ ಬಿಟ್ಟುಹೋದ ಹಾಳೆಗಳನ್ನು ಆಮೇಲೆ ಮೂರು ಸಲ ಓದಿದೆ. ಮೊದಲನೆಯದು ಸಿಟ್ಟಿನಲ್ಲಿ, ಎರಡನೆಯದು ತಪ್ಪು ಹುಡುಕಲು. ಮೂರನೆಯ ಸಲ ಮಳೆಯ ದೃಶ್ಯ ಬಂದಾಗ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಚೆನ್ನಾಗಿ ಬರೆದಿದ್ದೀಯ. ಇದನ್ನು ಮೊದಲೇ ಹೇಳಬೇಕಿತ್ತು.

ಶುಕ್ರವಾರ ಈ ಕಂತನ್ನು ನೀನು ಧಾರಾವಾಹಿಯ ಮುಖ್ಯ ಲೇಖಕರಿಗೆ ಒಪ್ಪಿಸಬೇಕಂತೆ, ಅಮ್ಮ ಹೇಳಿದಳು. ಫೋನಿನಲ್ಲಿ ಮಾತಿಗಿಳಿದರೆ ನನ್ನ ದನಿ ಮತ್ತೆ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಪ್ಪ ನಿನಗೆ ಹೇಳಿದ ಮಳೆಯ ರಾತ್ರಿಯ ಕಥೆಯಲ್ಲಿ ಸುಳ್ಳಿಲ್ಲ. ನಿನಗೆ ಆಗ ಆರು ವರ್ಷ. ಜ್ವರ ಏರಿ ಮೈ ಸೆಟೆದುಕೊಂಡಿತ್ತು, ನಾನು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದೆ. ‘ಈ ಮನೆಯ ಹೊಸ್ತಿಲು ತುಳಿಯಬೇಡ’ ಎಂದು ನನ್ನಿಂದ ಹೇಳಿಸಿಕೊಂಡು ಒಂದು ವರ್ಷವಾಗಿದ್ದವನು, ಅಮ್ಮ ಕರೆದ ಕೂಡಲೇ ಓಡಿಬಂದು, ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಆಸ್ಪತ್ರೆಗೆ ನಡೆದ. ಇದೆಲ್ಲ ನೀನು ಬರೆದಂತೆಯೇ ಇರಲಿ, ಒಂದು ಸಣ್ಣ ವಿಷಯ ಬಿಟ್ಟು. ಅದನ್ನು ಆಮೇಲೆ ಹೇಳುತ್ತೇನೆ.

ನನಗೆ ತಡೆಯಲಾಗದೆ ಹೋದದ್ದು ಅದರ ಹಿಂದಿನ ಭಾಗ. ನಿನ್ನ ಕಥೆಯಲ್ಲಿ ಒಬ್ಬ ಬಡ್ಡಿ ವ್ಯವಹಾರದವನು ಬರುತ್ತಾನೆ, ಕುತ್ತಿಗೆಗೆ ಚಾಕು ಹಿಡಿಯುತ್ತಾನೆ, ಪ್ರಾಣಭಯದಲ್ಲಿ ತಮ್ಮನಾದವನು ತಾಯಿಯ ಸಹಿ ತಾನೇ ಹಾಕಿ ಬ್ಯಾಂಕಿನಿಂದ ಹಣ ತೆಗೆಯುತ್ತಾನೆ. ಅಂಥ ಮನುಷ್ಯ ಯಾರೂ ಇರಲಿಲ್ಲ, ಮಗಳೇ. ಯಾರೂ ಚಾಕು ಹಿಡಿಯಲಿಲ್ಲ. ಹಣ ಇಸ್ಪೀಟಿಗೆ ಹೋಯಿತು. ನಿನ್ನ ಅಜ್ಜಿ ಹೊಲಿಗೆ ಯಂತ್ರ ತುಳಿದು ವರ್ಷಗಟ್ಟಲೆ ಕೂಡಿಟ್ಟ ಹಣ ಅದು.

ಆ ದಿನ ಅಜ್ಜಿಯೊಂದಿಗೆ ಬ್ಯಾಂಕಿಗೆ ಹೋದವನು ನಾನು. ಅಧಿಕಾರಿ ಹಣ ತೆಗೆದ ಚೀಟಿಯನ್ನು ಅವಳ ಮುಂದಿಟ್ಟರು. ಅವಳು ಕನ್ನಡಕ ಹಾಕಿಕೊಂಡಳು, ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ನನ್ನದೇ ಸಹಿ’ ಎಂದಳು. ಬ್ಯಾಂಕಿನವರಿಗೆ ಸಮಾಧಾನವಾಗಲಿಲ್ಲ, ನಾಳೆ ಬಂದು ನಮ್ಮೆದುರು ಸಹಿ ಮಾಡಿ ಎಂದರು. ಆ ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅವಳು ದೀಪದ ಕೆಳಗೆ ಕುಳಿತು ಹಳೆಯ ಪತ್ರಿಕೆಯ ಅಂಚಿನಲ್ಲಿ ತನ್ನ ಹೆಸರನ್ನು ಬರೆಯುತ್ತಿದ್ದಳು. ಒಂದರ ಕೆಳಗೊಂದು, ಅಂಚು ಮುಗಿಯುವ ತನಕ, ಆಮೇಲೆ ಹಾಳೆ ತಿರುಗಿಸಿ ಇನ್ನೊಂದು ಅಂಚಿನಲ್ಲಿ.

ಅವಳಿಗೆ ಮರೆವು ಶುರುವಾಗಿದೆ ಎಂದುಕೊಂಡೆ. ಹಣ ತಾನೇ ತೆಗೆದು ಮರೆತಿದ್ದಾಳೆ, ಈಗ ಸಹಿಯೂ ಮರೆತುಹೋಗುತ್ತಿದೆ ಎಂದು ಹೆದರಿದೆ. ಗದರಿಸಿದೆ ಕೂಡ. ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ ಎಂದು ಕೇಳಿದ್ದಕ್ಕೆಲ್ಲ ಅವಳು ತಲೆ ತಗ್ಗಿಸಿಕೊಂಡೇ ಉತ್ತರ ಹೇಳಿದಳು. ತಿಂಗಳಾದ ಮೇಲೆ ಚಿಕ್ಕಪ್ಪ ತಾನಾಗಿ ಬಾಯಿಬಿಟ್ಟ. ಅವನನ್ನು ಹೊರಗಟ್ಟುವಾಗ ನಾನು ಹೇಳಿದ್ದು ಹಣದ ಮಾತಲ್ಲ. ‘ಹೆತ್ತ ತಾಯಿ ತನ್ನ ಕೈಯನ್ನೇ ನಂಬದಂತೆ ಮಾಡಿಬಿಟ್ಟೆ’ ಎಂದೆ. ಆ ಪತ್ರಿಕೆಯ ಹಾಳೆಯನ್ನು ಚೀಟಿಯ ನಕಲಿನ ಜೊತೆ ಕಡತದಲ್ಲಿ ಇಟ್ಟುಕೊಂಡೆ, ಅವನ ಅಪರಾಧಕ್ಕೆ ಸಾಕ್ಷಿಯಾಗಿ.

ಇನ್ನು ನಿನ್ನ ಕಸುಬಿನ ಮಾತಿಗೆ ಬರುತ್ತೇನೆ. ನನಗೇನು ಗೊತ್ತು ಎನ್ನಬೇಡ. ಇಂಥ ನಾಟಕಗಳನ್ನು ನೋಡಲು ಕಲಿಸಿದವಳು ನೀನೇ. ಕೆಟ್ಟ ಕೆಲಸ ಮಾಡುವವನ ಪಕ್ಕದಲ್ಲಿ ಅವನಿಗಿಂತ ಕೆಟ್ಟವನನ್ನು ತಂದು ನಿಲ್ಲಿಸಿದರೆ ಇವನು ಬೆಳ್ಳಗೆ ಕಾಣುತ್ತಾನೆ. ಅದು ಹಳೆಯ ಉಪಾಯ. ನಿನ್ನ ಬಡ್ಡಿಯವನು ಮಾಡುವ ಕೆಲಸ ಅದೇ. ಅಮೆರಿಕದ ಧಾರಾವಾಹಿ ‘ದಿ ಸೊಪ್ರಾನೋಸ್’ 1999ರಲ್ಲಿ ಶುರುವಾದಾಗ ಮೊದಲ ಕಂತಿನಲ್ಲೇ ಮಾಫಿಯಾ ನಾಯಕ ಟೋನಿ ತನ್ನ ಈಜುಕೊಳಕ್ಕೆ ಬಂದ ಬಾತುಗಳ ಹಿಂದೆ ಮಗುವಿನ ಹಾಗೆ ನೀರಿಗಿಳಿಯುತ್ತಾನೆ, ಅವು ಹಾರಿಹೋದಾಗ ಕುಸಿದು ಬೀಳುತ್ತಾನೆ. ನಮಗೆ ಅವನ ಮೇಲೆ ಮನಸ್ಸು ಹರಿಯುವುದೇ ಅಲ್ಲಿ. ಆದರೆ ಐದನೆಯ ಕಂತಿನಲ್ಲಿ ಮಗಳಿಗೆ ಕಾಲೇಜುಗಳನ್ನು ತೋರಿಸಲು ಹೊರಟ ಅದೇ ಪ್ರಯಾಣದಲ್ಲಿ ಅವನು ಒಬ್ಬ ಹಳೆಯ ಮಾಹಿತಿದಾರನ ಕುತ್ತಿಗೆಗೆ ತಂತಿ ಬಿಗಿದು ಕೊಲ್ಲುತ್ತಾನೆ. ವಾಹಿನಿಯವರು ಅಂಜಿದ್ದರು, ಇನ್ನು ಪ್ರೇಕ್ಷಕರು ಇವನ ಮುಖ ನೋಡುವುದಿಲ್ಲ ಎಂದು. ಧಾರಾವಾಹಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಜಗ್ಗಲಿಲ್ಲ. ಅಂಥ ಮನುಷ್ಯ ಕೊಲ್ಲದೆ ಬಿಟ್ಟರೆ ಜನ ಅವನನ್ನು ನಂಬುವುದಿಲ್ಲ ಎಂಬುದು ಅವರ ವಾದ. ಕಾರಿನಲ್ಲಿ ಮಗಳು ಮೆಡೋ ‘ನೀನು ಮಾಫಿಯಾದಲ್ಲಿದ್ದೀಯಾ’ ಎಂದು ಅಪ್ಪನನ್ನೇ ಕೇಳುತ್ತಾಳಲ್ಲ, ಅವನು ಅರ್ಧ ಒಪ್ಪಿಕೊಂಡು ಅರ್ಧ ನುಂಗುತ್ತಾನಲ್ಲ, ಆ ಅಕ್ಕರೆಯೂ ಸುಳ್ಳಲ್ಲ, ಆ ತಂತಿಯೂ ಸುಳ್ಳಲ್ಲ. ಒಂದನ್ನು ತೋರಿಸಲು ಇನ್ನೊಂದನ್ನು ಅಳಿಸಿಲ್ಲ.

ನೀನು ಅಳಿಸಿದ್ದೀಯ. ಚಿಕ್ಕಪ್ಪನ ಮೇಲಿನ ಪ್ರೀತಿಯಿಂದಲೇ ಅಳಿಸಿದ್ದೀಯ, ಅದು ನನಗೆ ಅರ್ಥವಾಗುತ್ತದೆ. ಆದರೆ ಇಸ್ಪೀಟು ಆಡಿ ತಾಯಿಯ ಹಣ ಕಳೆದವನೇ ಮೊಣಕಾಲುದ್ದದ ನೀರಿನಲ್ಲಿ ಮಗು ಹೊತ್ತು ನಡೆದ ಎಂದು ಬರೆದರೆ ನೋಡುವವರ ಎದೆ ಬಿಗಿಯುತ್ತದೆ. ಚಾಕುವಿಗೆ ಹೆದರಿದ ಪಾಪದವನು ನಡೆದರೆ ಅದರಲ್ಲಿ ಏನಿದೆ? ಮುಖ್ಯ ಲೇಖಕರು ಮೃದು ಮಾಡು ಎನ್ನಬಹುದು, ವಾಹಿನಿಯವರು ಎನ್ನಬಹುದು, ನೀನು ಹೊಸಬಳು. ಒಪ್ಪಬೇಡ. ಹಾಗೆಂದು ಅಲ್ಲಿ ಜಗಳವಾಡಿ ಕೆಲಸ ಕಳೆದುಕೊಳ್ಳಬೇಡ. ರಾತ್ರಿ ಮೂರು ಗಂಟೆಯವರೆಗೆ ಎದ್ದು ಕುಳಿತು ಬರೆಯುವುದನ್ನೂ ಬಿಡು, ನಿನ್ನ ಕಣ್ಣ ಕೆಳಗಿನ ಕಪ್ಪು ನೋಡಿ ಅಮ್ಮ ಹೆದರಿದ್ದಾಳೆ. ಇನ್ನೊಂದು ಮಾತು. ಬದುಕಿನಲ್ಲಿ ಯಾರಾದರೂ ನಿನ್ನನ್ನು ನೋಯಿಸುತ್ತಲೇ ಇದ್ದರೆ, ಮುಂದೆ ಎಂದಾದರೂ ಅವರ ಒಳ್ಳೆಯ ದೃಶ್ಯ ಬಂದೀತು ಎಂದು ಕಾಯುತ್ತ ಕೂರಬೇಡ. ಪರದೆಯ ಮೇಲೆ ಬಾಗಿಲ ಆಚೆ ಅವರು ಅಳುವುದನ್ನು ಕ್ಯಾಮೆರಾ ತೋರಿಸುತ್ತದೆ. ಮನೆಯಲ್ಲಿ ನಮಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ. ಇದು ಉಪದೇಶವಾಯಿತು. ಅಳಿಸುವುದಿಲ್ಲ, ಇರಲಿ, ಇದು ನನ್ನ ನಿಜವಾದ ಭಯ.

ಈಗ ಪತ್ರಿಕೆಯ ಅಂಚಿಗೆ ಮರಳುತ್ತೇನೆ. ಈ ಪತ್ರ ಬರೆಯಲು ಕುಳಿತದ್ದೇ ಅದಕ್ಕಾಗಿ.

ಐದಾರು ವರ್ಷಗಳ ಹಿಂದೆ ನಾವಿಬ್ಬರೂ ‘ಬ್ರೇಕಿಂಗ್ ಬ್ಯಾಡ್’ ನೋಡುತ್ತಿದ್ದೆವು. 2013ರ ಕೊನೆಯ ಸರಣಿಯಲ್ಲಿ, ಮಾದಕವಸ್ತು ತಯಾರಿಸಿ ಹಣ ಮಾಡಿದ ವಾಲ್ಟರ್ ವೈಟ್ ಹೆಂಡತಿಗೆ ಮಾಡುವ ಆ ಫೋನ್ ಕರೆ. ಬಾಯಿಗೆ ಬಂದಂತೆ ಬೈಯುತ್ತಾನೆ, ಎಲ್ಲವನ್ನೂ ಕಟ್ಟಿದ್ದು ನಾನೊಬ್ಬನೇ, ನೀನು ಒಂದು ದಿನವೂ ಜೊತೆಗೆ ನಿಲ್ಲಲಿಲ್ಲ ಎನ್ನುತ್ತಾನೆ. ನಾನು ‘ಎಂಥ ನೀಚ’ ಎಂದೆ. ನೀನು ನನ್ನ ತೋಳು ಹಿಡಿದು, ‘ಅಪ್ಪ, ಅವನ ಮುಖ ನೋಡು, ಅಳುತ್ತಿದ್ದಾನೆ. ಪೊಲೀಸರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಗೊತ್ತು. ಅವಳ ಮೇಲೆ ಕೇಸು ಬೀಳದಿರಲಿ ಎಂದು ಬೇಕೆಂದೇ ಬೈಯುತ್ತಿದ್ದಾನೆ’ ಎಂದೆ. ಆ ಬೈಗುಳದಲ್ಲಿ ಅರ್ಧ ಅವನ ನಿಜವಾದ ಸಿಟ್ಟೇ ಇರಬೇಕು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ನೀನು ಹೇಳಿದ್ದು ಸರಿ. ಎತ್ತಿಕೊಂಡು ಹೋಗಿದ್ದ ತನ್ನ ಕೂಸನ್ನೂ ಅವನು ಅಗ್ನಿಶಾಮಕ ಠಾಣೆಯ ವಾಹನದಲ್ಲಿ ಜೋಪಾನವಾಗಿ ಬಿಟ್ಟುಹೋಗುತ್ತಾನೆ.

ನಾನು ಮಧ್ಯದಲ್ಲೇ ಎದ್ದುಹೋದೆ. ನೀನು ನನಗೆ ಬೇಸರವಾಯಿತು ಎಂದುಕೊಂಡೆ. ನಾನು ಹೋದದ್ದು ಕಪಾಟಿನ ಬಳಿಗೆ. ‘ಬೇಕೆಂದೇ’ ಎಂಬ ನಿನ್ನ ಮಾತು ಎಲ್ಲಿಗೋ ನಾಟಿತ್ತು. ಕಡತ ತೆಗೆದು ನೋಡಿದೆ. ಅಜ್ಜಿಯ ಹಳೆಯ ಪತ್ರಗಳಲ್ಲಿ ಅವಳ ಸಹಿಯ ಕೊನೆಯ ಅಕ್ಷರದ ಬಾಲ ಕೆಳಕ್ಕೆ ಇಳಿಯುತ್ತದೆ. ಚೀಟಿಯಲ್ಲಿ ಅದು ಮೇಲಕ್ಕೆ ತಿರುಗಿತ್ತು, ಚಿಕ್ಕಪ್ಪನ ಕೈ ಹಾಗೆ. ಪತ್ರಿಕೆಯ ಅಂಚಿನಲ್ಲಿ ಮೊದಲ ನಾಲ್ಕೈದು ಸಹಿಗಳ ಬಾಲ ಕೆಳಕ್ಕಿದ್ದವು. ಆಮೇಲೆ ಒಂದೊಂದಾಗಿ ಎದ್ದು, ಕೊನೆಯ ಸಾಲುಗಳಲ್ಲಿ ಎಲ್ಲವೂ ಮೇಲಕ್ಕೆ ತಿರುಗಿದ್ದವು.

ಅವಳಿಗೆ ಮರೆವು ಇರಲಿಲ್ಲ. ಚೀಟಿ ಕಂಡ ಕ್ಷಣದಲ್ಲೇ ಮಗನ ಕೈಯನ್ನು ಗುರುತಿಸಿದ್ದಳು. ಬ್ಯಾಂಕಿನವರೆದುರು ತಾಳೆಯಾಗಬೇಕೆಂದು ರಾತ್ರಿಯೆಲ್ಲ ಕುಳಿತು ಆ ಕಳ್ಳಸಹಿಯನ್ನು ಕಲಿತಳು. ಬದುಕಿನಲ್ಲಿ ಸುಳ್ಳು ಹೇಳದವಳು ಅವನು ಜೈಲಿಗೆ ಹೋಗದಿರಲಿ ಎಂದು ಸುಳ್ಳು ಹೇಳಿ, ನನ್ನಿಂದ ಬೈಸಿಕೊಂಡು, ವೈದ್ಯರೆದುರು ನೂರರಿಂದ ಏಳೇಳು ಕಳೆಯುತ್ತ ಕುಳಿತಳು. ನನಗೆ ಇದು ತಿಳಿಯುವ ಹೊತ್ತಿಗೆ ಅವಳು ಹೋಗಿ ಒಂಬತ್ತು ವರ್ಷವಾಗಿತ್ತು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ, ಅಮ್ಮನಿಗೂ.

ಇನ್ನು ಆಸ್ಪತ್ರೆಯ ವಿಷಯ. ಬೆಳಗಿನ ಜಾವ ನಾನು ತಲುಪಿದಾಗ ಚಿಕ್ಕಪ್ಪ ಕಾರಿಡಾರಿನ ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದ. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಕಾಲ ಬಳಿ ಹರಡಿತ್ತು. ನಾನು ಅವನನ್ನು ದಾಟಿ ಒಳಗೆ ಹೋದೆ. ಹೊರಗೆ ಬಂದಾಗಲೂ ಎಬ್ಬಿಸಲಿಲ್ಲ. ಎಚ್ಚರವಾಗಿ ತಾನಾಗಿ ಎದ್ದುಹೋದ. ‘ಥ್ಯಾಂಕ್ಸ್’ ಎಂದರೆ ಕ್ಷಮಿಸಿದಂತೆ ಆಗುತ್ತದೆ ಎಂದು ಹೆದರಿದ್ದೆ.

ಇದಕ್ಕೆ ನಾನು ‘ಸೊಪ್ರಾನೋಸ್’ನಲ್ಲಿ ಟೋನಿಯ ಮನೋವೈದ್ಯೆಯಾದ ಡಾಕ್ಟರ್ ಮೆಲ್ಫಿಯ ನೆಪ ಹಿಡಿದಿದ್ದೆ. 2001ರ ಆ ಕಂತಿನಲ್ಲಿ ಅವಳ ಮೇಲೆ ಅತ್ಯಾಚಾರ ಮಾಡಿದವನು ಪೊಲೀಸರ ತಪ್ಪಿನಿಂದ ಬಿಡುಗಡೆಯಾಗುತ್ತಾನೆ. ಎದುರಿಗೆ ಕುಳಿತ ಟೋನಿಗೆ ಒಂದು ಮಾತು ಹೇಳಿದರೆ ಸಾಕು, ಅವನು ಲೆಕ್ಕ ಚುಕ್ತಾ ಮಾಡುತ್ತಾನೆ. ಹೇಳಬೇಕಾದದ್ದು ಏನಾದರೂ ಇದೆಯೇ ಎಂದು ಟೋನಿ ಕೇಳಿದಾಗ ಅವಳು ‘ಇಲ್ಲ’ ಎನ್ನುತ್ತಾಳೆ. ಕೆಟ್ಟ ಕೈಯಿಂದ ಬರುವ ಒಳಿತು ಬೇಡ ಎಂದ ಅವಳ ಸಾಲಿನಲ್ಲಿ ನಾನೂ ನಿಂತಿದ್ದೇನೆ ಎಂದು ಹೆಮ್ಮೆಪಟ್ಟಿದ್ದೆ. ನಿನ್ನ ಹಾಳೆಗಳನ್ನು ಮೂರನೆಯ ಸಲ ಓದುವಾಗ ಆ ಹೆಮ್ಮೆ ಇಳಿಯಿತು. ಅವಳು ಬೇಡ ಎಂದದ್ದು ಪಡೆಯುವ ಮೊದಲು. ನಾನು ಪಡೆದಾಗಿತ್ತು, ನೀನು ಒಳಗೆ ಹಾಸಿಗೆಯ ಮೇಲೆ ಉಸಿರಾಡುತ್ತಿದ್ದೆ. ಅಜ್ಜಿಯ ಹಣದ ಲೆಕ್ಕ ಬೇರೆ, ನಿನ್ನ ಲೆಕ್ಕ ಬೇರೆ. ಒಂದರಿಂದ ಇನ್ನೊಂದನ್ನು ಕಳೆಯಲು ಹೋಗಿ ನಾನು ಎರಡನ್ನೂ ಕೆಡಿಸಿಕೊಂಡೆ.

ಅವನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಆ ಏಳೇಳು ಕಳೆಯುವ ದನಿ ನನ್ನ ಕಿವಿಯಿಂದ ಹೋಗುವುದಿಲ್ಲ. ಆದರೆ ಕಾರಿಡಾರಿನಲ್ಲಿ ಎಬ್ಬಿಸಬೇಕಿತ್ತು. ನಿನ್ನೆ ಅವನಿಗೂ ಒಂದು ಪತ್ರ ಬರೆಯಲು ಕುಳಿತೆ. ಎರಡು ಸಾಲು ಆಗಿದೆ.

ಪತ್ರಿಕೆಯ ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿಯುತ್ತಿದೆ, ನಿಧಾನವಾಗಿ ಬಿಡಿಸು. ಕಥೆಯಲ್ಲಿ ಬಳಸುತ್ತೀಯೋ ಬಿಡುತ್ತೀಯೋ, ಅದು ನಿನಗೆ ಬಿಟ್ಟದ್ದು. ಬಳಸುವುದಾದರೆ ಬಡ್ಡಿಯವನನ್ನು ತೆಗೆದುಬಿಡು.

ಆ ಸಣ್ಣ ತಿದ್ದುಪಡಿ ಹೇಳಬೇಕಿತ್ತು. ಮಗುವಿನ ಕೆಂಪು ಚಪ್ಪಲಿಗಳು ನೀರಿನಲ್ಲಿ ಕೊಚ್ಚಿಹೋದವು ಎಂದು ಬರೆದಿದ್ದೀಯ. ಹೋಗಲಿಲ್ಲ. ಅವನು ಮಲಗಿದ್ದಾಗ ಎರಡೂ ಅವನ ಅಂಗಿಯ ಒಳಗೆ, ಎದೆಯ ಹತ್ತಿರ ಇದ್ದವು; ಒಂದರ ಪಟ್ಟಿ ಗುಂಡಿಯ ಸಂದಿನಿಂದ ಹೊರಗೆ ಕಾಣುತ್ತಿತ್ತು. ಬಣ್ಣ ನೀಲಿ.

ನಿನ್ನ
ಅಪ್ಪ