ಸಂಜೆ ಏಳರ ನಂತರ ಪ್ರೂಫ್ ಇಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಚಾಮರಾಜಪೇಟೆ, ಬೆಂಗಳೂರು

ಮಾನ್ಯ ಗ್ರಾಹಕರಿಗೆ,

ವಂದನೆಗಳು. ಬರುವ ಆಷಾಢ ಶುದ್ಧ ಪಾಡ್ಯದಿಂದ ನಮ್ಮ ಮುದ್ರಣಾಲಯವು ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಮಾತ್ರ ತೆರೆದಿರುತ್ತದೆ. ಭಾನುವಾರ ಪೂರ್ತಿ ರಜೆ. ಸಂಜೆ 7ರ ನಂತರ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪ್ರೂಫ್ (ಅಚ್ಚಿಗೆ ಮುನ್ನ ನೋಡುವ ಕರಡು ಪ್ರತಿ) ತಿದ್ದುಪಡಿ, ದರ ವಿಚಾರಣೆ ಮತ್ತು ಹೊಸ ಆರ್ಡರುಗಳನ್ನು ಮರುದಿನ ಬೆಳಿಗ್ಗೆಯೇ ನೋಡಲಾಗುವುದು. ಇವತ್ತು ಸಂಜೆ ಕೊಟ್ಟು ನಾಳೆ ಬೆಳಿಗ್ಗೆ ಒಯ್ಯುವ ಲಗ್ನಪತ್ರಿಕೆ ಕೆಲಸವನ್ನು ಇನ್ನು ಮುಂದೆ ಒಪ್ಪಿಕೊಳ್ಳುವುದಿಲ್ಲ.

ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿ ಬಾಗಿಲಿಗೆ ಅಂಟಿಸಿದರೆ ಸಾಕಲ್ಲವೇ ಎಂದು ನಮ್ಮ ಮಿಷನ್‌ಮನ್ ಕೇಳಿದರು. ಆದರೆ ನಿಮ್ಮಲ್ಲಿ ಅನೇಕರು ನಮ್ಮ ತಂದೆಯವರ ಕಾಲದಿಂದ ಬರುತ್ತಿರುವವರು; ಅಕ್ಕನ ಮದುವೆಯ ಪತ್ರಿಕೆಯನ್ನು ಇಲ್ಲಿ ಮಾಡಿಸಿ, ಮಗನ ಉಪನಯನಕ್ಕೂ ಹೊಸ ಮನೆಯ ಗೃಹಪ್ರವೇಶಕ್ಕೂ ಇಲ್ಲಿಗೇ ಬಂದವರು. ರಾತ್ರಿ ಹತ್ತೂವರೆಗೆ ಫೋನ್ ಮಾಡಿದರೂ ಎತ್ತುತ್ತಾರೆ ಎಂಬ ಸಲುಗೆಯನ್ನು ನಿಮಗೆ ಕೊಟ್ಟವರು ನಾವೇ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಾಗ ಕಾರಣ ಹೇಳಬೇಕಾದದ್ದು ನಮ್ಮ ಹೊಣೆಯೆಂದು ಈ ಪತ್ರ ಬರೆಯುತ್ತಿದ್ದೇನೆ.

ತಂದೆಯವರು ಟ್ರೆಡಲ್ ಎಂಬ ಹಳೆಯ ಅಚ್ಚುಯಂತ್ರ ನಡೆಸುತ್ತಿದ್ದಾಗ ಪ್ರೂಫ್ ಎಂದರೆ ಗ್ಯಾಲಿ ಎಂಬ ತಟ್ಟೆಯಲ್ಲಿ ಜೋಡಿಸಿದ ಅಕ್ಷರದ ಅಚ್ಚುಮೊಳೆಗಳ ಮೇಲೆ ಮಸಿ ಸವರಿ ತೆಗೆದ ಒಂದು ಹಸಿ ಹಾಳೆ. ಅದನ್ನು ನೋಡಲು ಗ್ರಾಹಕರು ಅಂಗಡಿಗೇ ಬರಬೇಕಿತ್ತು, ಮತ್ತು ಮೊಳೆ ಜೋಡಿಸುವವರು ಮನೆಗೆ ಹೋದ ಮೇಲೆ ಒಂದು ಕೊಂಬನ್ನು ಬದಲಿಸುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಅಂಗಡಿಗೆ ತಾನಾಗಿಯೇ ಒಂದು ಮುಚ್ಚುವ ಹೊತ್ತು ಇತ್ತು. ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ; ದಿನವಿಡೀ ಯಂತ್ರದ ಮುಂದೆ ನಿಂತು ನಿಂತು ತಂದೆಯವರ ಕಾಲಿನ ನರಗಳು ಹಗ್ಗದಂತೆ ಊದಿಕೊಂಡಿದ್ದನ್ನು ಕಂಡವನು ನಾನು. ಆದರೆ ಬಾಗಿಲಿಗೆ ಬೀಗ ಹಾಕಿದ ಮೇಲೆ ಅವರ ಹಿಂದೆ ಅಂಗಡಿ ಮನೆಗೆ ಬರುತ್ತಿರಲಿಲ್ಲ.

ಈಗ ಬರಹವೂ ಫೋನಿನಲ್ಲಿ ಬರುತ್ತದೆ, ಪ್ರೂಫೂ ಫೋನಿನಲ್ಲೇ ಹೋಗುತ್ತದೆ. ಈ ಊರಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು, ಸಿಲ್ಕ್ ಬೋರ್ಡ್ ವೃತ್ತದ ವಾಹನದಟ್ಟಣೆ ದಾಟಿ ಮನೆ ಸೇರುವಾಗ ಎಂಟೂವರೆಯಾಗಿರುತ್ತದೆ, ಊಟ ಮುಗಿಸಿ ಪ್ರೂಫ್ ತೆರೆಯುವಾಗ ಹತ್ತು. ತೆರೆದವರು ಅದನ್ನು ಕುಟುಂಬದ ಗುಂಪಿಗೆ ಹಾಕುತ್ತಾರೆ. ಮೈಸೂರಿನ ಚಿಕ್ಕಪ್ಪ ಗೋತ್ರ ಸರಿಪಡಿಸುತ್ತಾರೆ. ಹಾಸನದ ಸೋದರತ್ತೆ ತಮ್ಮ ಹೆಸರು ಕಿರಿಯರ ಹೆಸರಿಗಿಂತ ಕೆಳಗೆ ಬಂದಿದೆ ಎನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ಅಣ್ಣ ಕೆಲಸ ಮುಗಿಸಿ ಅಭಿಪ್ರಾಯ ಬರೆಯುವಾಗ ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮದುವೆ ಎಂದರೆ ನಾಲ್ಕು ಜನ ಮಾತಾಡಲೇಬೇಕು. ಆದರೆ ಆ ನಾಲ್ಕೂ ಜನರ ಮಾತು ಬಂದು ಸೇರುತ್ತಿದ್ದದ್ದು ನನ್ನ ದಿಂಬಿನ ಪಕ್ಕದ ಫೋನಿಗೆ.

ಇದರ ಫಲವಾಗಿ ನಡೆದ ಒಂದು ಅಚಾತುರ್ಯವನ್ನು ಮುಚ್ಚಿಡದೆ ಹೇಳುತ್ತೇನೆ. ಆ ಮನೆಯವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ, ಮಾಘ ಮಾಸದ ಗಡಿಬಿಡಿಯಲ್ಲಿ, ವಧುವಿನ ಅಜ್ಜಿಯ ಹೆಸರಿನ ಹಿಂದೆ ‘ದಿ||’ ಸೇರಿಸಬೇಕೆಂದು ರಾತ್ರಿ ಹನ್ನೊಂದೂವರೆಗೆ ಸಂದೇಶ ಬಂತು. ನಿದ್ದೆಗಣ್ಣಿನಲ್ಲಿ ಎದ್ದು, ಲ್ಯಾಪ್‌ಟಾಪ್ ತೆರೆದು, ಸೇರಿಸಿ, ಕಳಿಸಿದೆ. ಆ ಕಡೆಯಿಂದಲೂ ಅರೆನಿದ್ದೆಯಲ್ಲೇ ಇರಬೇಕು, ಒಂದು ಹೆಬ್ಬೆರಳಿನ ಚಿತ್ರ ಬಂತು. ಮರುದಿನ 600 ಪತ್ರಿಕೆ ಅಚ್ಚಾದವು. ಆ ‘ದಿ||’ ಅಜ್ಜಿಯ ಹೆಸರಿನ ಹಿಂದೆ ಕೂರುವ ಬದಲು ಅಜ್ಜನ ಹೆಸರಿನ ಹಿಂದೆ ಕೂತಿತ್ತು. ಎರಡು ದಿನದ ಮೇಲೆ ಆ ಅಜ್ಜನೇ, ಮೊಮ್ಮಗನ ಕೈ ಹಿಡಿದುಕೊಂಡು, ನಮ್ಮ ಅಂಗಡಿಯ ಎರಡು ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು, ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕನ್ನಡಕ ಸರಿಮಾಡಿಕೊಂಡು, “ಏನಪ್ಪಾ, ನನ್ನನ್ನೂ ಕಳಿಸಿಬಿಟ್ಟೆಯಲ್ಲ. ಮೊಮ್ಮಗಳ ಮದುವೆ ಮುಗಿಸಿಕೊಂಡಾದರೂ ಹೋಗ್ತಿದ್ದೆ” ಎಂದರು. ನಕ್ಕೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಆ 600 ಪತ್ರಿಕೆಗಳನ್ನು ನಮ್ಮ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿ ಕೊಟ್ಟೆವು. ಕಾಗದದ ಲೆಕ್ಕ ಅಲ್ಲಿಗೆ ಮುಗಿಯಿತು.

ಕನ್ನಡದ ಪ್ರೂಫು ಇಂಗ್ಲಿಷಿನ ಪ್ರೂಫಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು. ನೀವು ಫೋನಿನಲ್ಲಿ ಬರೆದು ಕಳಿಸುವುದು ಯೂನಿಕೋಡ್. ನಮ್ಮ ಹಳೆಯ ವಿನ್ಯಾಸಗಳು ಇರುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಮುಂದಿನ ಅಕ್ಷರಕ್ಕೆ ಜಿಗಿಯುವುದು, ಒತ್ತಕ್ಷರ ಬಿಟ್ಟುಹೋಗುವುದು, ದೀರ್ಘ ಕಳಚುವುದು ಸಾಮಾನ್ಯ. ಇದನ್ನು ಹಿಡಿಯಬಲ್ಲದ್ದು ಹಗಲಿನ ಬೆಳಕಿನಲ್ಲಿ ಕಾಗದದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದುವ ಕಣ್ಣು ಮಾತ್ರ. ಫೋನಿನ ಪರದೆಯನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡುವ ಕಣ್ಣಿಗೆ ಅದು ತಪ್ಪಿಸಿಕೊಳ್ಳುತ್ತದೆ.

ಒಂದೇ ರಾತ್ರಿಯ ಕೆಲಸವನ್ನು ನಿಲ್ಲಿಸುವುದಕ್ಕೆ ನಮ್ಮ ನಿದ್ದೆಯ ಜೊತೆಗೆ ಮಸಿಯದೂ ಒಂದು ಕಾರಣವಿದೆ. ಪ್ಲೇಟಿನಿಂದ ಅಚ್ಚು ಹಾಕುವ ನಮ್ಮ ಆಫ್‌ಸೆಟ್ ಯಂತ್ರದ ಮಸಿ ಸ್ವಲ್ಪ ಕಾಗದದೊಳಗೆ ಇಂಗಿ, ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು, ಜುಲೈ ಆಗಸ್ಟಿನ ತೇವದಲ್ಲಿ ಇನ್ನೂ ಹೆಚ್ಚು. ಒಣಗದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಕತ್ತರಿಸಿದರೆ ಮೇಲಿನ ಹಾಳೆಯ ಬೆನ್ನಿಗೆ ಕೆಳಗಿನ ಹಾಳೆಯ ಗಣಪತಿ ಮೂಡಿಬರುತ್ತಾನೆ. ಅದಕ್ಕೆ ನಾವು ಸೆಟ್‌ಆಫ್ ಎನ್ನುತ್ತೇವೆ. ಅವಸರದಲ್ಲಿ ಒಯ್ದ ಪತ್ರಿಕೆಗಳಲ್ಲಿ ಇಂಥ ಕಲೆ ಕಂಡು ನಿಮ್ಮಲ್ಲಿ ಕೆಲವರು ನಮ್ಮನ್ನು ಬೈದದ್ದುಂಟು, ಆ ಬೈಗುಳ ನ್ಯಾಯವೇ ಆಗಿತ್ತು. ‘ಅರ್ಜೆಂಟ್’ ಎಂದು ಹೆಚ್ಚಿಗೆ ಹಣ ತೆಗೆದುಕೊಂಡು ಕಡಿಮೆ ದರ್ಜೆಯ ಕೆಲಸ ಕೊಟ್ಟ ಹಾಗಾಗುತ್ತಿತ್ತು. ಆ ಹೆಚ್ಚಿನ ದರವನ್ನೂ ಇನ್ನು ತೆಗೆದುಹಾಕಿದ್ದೇವೆ.

ಇನ್ನು ಮನೆಯ ವಿಷಯ. ಗ್ರಾಹಕರ ಪತ್ರದಲ್ಲಿ ಮನೆಯ ಮಾತು ಬೇಡವೆಂದು ಮೊದಲು ಅಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟು ಮಸಿ ಮತ್ತು ಅರ್ಕಾವತ್ತಿನ ಕಾರಣ ಮಾತ್ರ ಹೇಳಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಈ ಮುದ್ರಣಾಲಯವನ್ನು ನಡೆಸುವವರು ನಾನು ಮತ್ತು ನನ್ನ ಹೆಂಡತಿ. ವಿನ್ಯಾಸವೆಲ್ಲ ಆಕೆಯದು, ಯಂತ್ರ ಮತ್ತು ಲೆಕ್ಕ ನನ್ನದು. ಹೀಗಿರುವಾಗ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತೆಂದರೆ ಯಾವ ಅಚ್ಚಿನ ಪ್ಲೇಟ್ ಬಂತು, ಸುಲ್ತಾನ್‌ಪೇಟೆಯಿಂದ ಯಾವ ಕಾಗದ ಬರಲಿಲ್ಲ, ಯಾರ ಬಾಕಿ ಎಷ್ಟು. ಒಮ್ಮೆ ನನ್ನ ತಾಯಿ ಸಾರು ಬಡಿಸುತ್ತಾ, “ನೀವಿಬ್ಬರೂ ಗಂಡ ಹೆಂಡತಿಯೋ, ಪಾರ್ಟ್ನರುಗಳೋ?” ಎಂದು ಕೇಳಿದ್ದರು. ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಪತ್ರಿಕೆಯ ಮೇಲೆ ಒತ್ತುವ ಹೊಳಪಿನ ಫಾಯಿಲ್‌ನ ಬಣ್ಣ ಹಳೆಯ ಚಿನ್ನವೋ ಗುಲಾಬಿ ಚಿನ್ನವೋ ಎಂದು ಫೋನಿನಲ್ಲಿ ವಾದಿಸುತ್ತಿದ್ದೆ. ಒಳಗಿನಿಂದ ತಾಯಿಯ ಹೆಸರು ಕರೆದಾಗ ನರ್ಸಮ್ಮನಿಗೆ ‘ಒಂದು ನಿಮಿಷ’ ಎಂದು ಬೆರಳು ತೋರಿಸಿದೆನಂತೆ. ನನಗೆ ನೆನಪಿಲ್ಲ. ತಾಯಿಗೆ ನೆನಪಿದೆ, ಏಕೆಂದರೆ ಅವರು ಗೋಡೆ ಹಿಡಿದುಕೊಂಡು ಒಬ್ಬರೇ ಒಳಗೆ ಹೋದರು.

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬಂದದ್ದು 1961ರಲ್ಲಿ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ದಿನ ರಜೆ ಎಂಬುದು ಅದರಲ್ಲಿ ಕೆಲಸಗಾರರಿಗೆ ಹಾಕಿಕೊಟ್ಟ ಲೆಕ್ಕ. ನಮ್ಮ ಮಿಷನ್‌ಮನ್‌ಗೂ, ಮಡಿಸಿ ಅಂಟಿಸುವ ಕೆಲಸ ಮಾಡುವ ಹೆಣ್ಣುಮಗಳಿಗೂ ಈ ಲೆಕ್ಕವನ್ನು ಕಾಗದದ ಮೇಲೆ ಪಾಲಿಸುತ್ತಾ ಬಂದಿದ್ದೇವೆ. ‘ಕಾಗದದ ಮೇಲೆ’ ಎಂದದ್ದು ಬೇಕೆಂದೇ. ಸೀಸನ್‌ನಲ್ಲಿ ಹೆಚ್ಚಿನ ಹೊತ್ತಿಗೆ ದುಪ್ಪಟ್ಟು ಕೂಲಿ ಕೊಟ್ಟಿದ್ದೇವೆ, ನಿಜ. ಆದರೆ ಆ ಹೆಣ್ಣುಮಗಳು ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಕೊನೆಯ ಮೆಟ್ರೋ ಹಿಡಿದು ಕೋಣನಕುಂಟೆಗೆ ಹೋಗುವಂತಾದ ರಾತ್ರಿಗಳಿಗೆ ದುಪ್ಪಟ್ಟು ಕೂಲಿ ಉತ್ತರವಲ್ಲ. ಮಾಲೀಕನ ಗಂಟೆಗಳನ್ನಂತೂ ಯಾವ ಕಾಯ್ದೆಯೂ ಎಣಿಸುವುದಿಲ್ಲ, ಅವನೇ ಎಣಿಸಿಕೊಳ್ಳಬೇಕು. ಕಳೆದ ಕಾರ್ತಿಕದಲ್ಲಿ ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ನಾವು ಒಟ್ಟಿಗೆ ರಾತ್ರಿ ಊಟ ಮಾಡಿದ ದಿನಗಳಿಗೆ ಕುಂಕುಮದ ಚುಕ್ಕೆ ಇಟ್ಟಳು. ತಿಂಗಳ ಕೊನೆಗೆ ಐದು ಚುಕ್ಕೆಗಳಿದ್ದವು, ಅದರಲ್ಲಿ ಒಂದು ದೀಪಾವಳಿ.

ಆಷಾಢದಿಂದಲೇ ಏಕೆ ಎಂದು ಕೇಳಬಹುದು. ಆ ತಿಂಗಳಲ್ಲಿ ಮದುವೆಗಳಿರುವುದಿಲ್ಲ. ಕೆಲಸ ಹಗುರವಾಗಿರುವಾಗ ಹೊಸ ಅಭ್ಯಾಸ ನಮಗೂ ನಿಮಗೂ ಒಗ್ಗಲಿ ಎಂಬುದು ಲೆಕ್ಕಾಚಾರ. ನಿಜವಾದ ಪರೀಕ್ಷೆ ಬರುವುದು ಶ್ರಾವಣದ ಮುಹೂರ್ತಗಳು, ಗಣೇಶನ ಹಬ್ಬಕ್ಕೆ ಯುವಕ ಸಂಘಗಳ ರಸೀದಿ ಪುಸ್ತಕಗಳು, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವದ ಕರಪತ್ರಗಳು ಒಂದರ ಹಿಂದೊಂದು ಬರುವಾಗ. ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ: ಅತಿಥಿಗಳ ಹೆಸರು ಖಚಿತವಾಗುವ ಮುನ್ನ ದಯವಿಟ್ಟು ಅಚ್ಚಿಗೆ ಕಳಿಸಬೇಡಿ. ಕಾರ್ಯಕ್ರಮದ ಹಿಂದಿನ ರಾತ್ರಿ ಅಧ್ಯಕ್ಷತೆ ಬದಲಾದರೆ ಅದಕ್ಕೆ ಚೀಟಿ ಅಂಟಿಸುವ ಕೆಲಸವನ್ನು ನಾವು ಇನ್ನು ಮಾಡಲಾರೆವು.

ಇನ್ನು ಮುಂದೆ ಕೆಲಸ ಸಾಗುವ ರೀತಿ ಹೀಗಿರುತ್ತದೆ. ನಿಮ್ಮ ಮನೆಯಿಂದ ಒಬ್ಬರನ್ನು ಪ್ರೂಫಿನ ಹೊಣೆಗೆ ಗೊತ್ತುಮಾಡಿ. ಅವರ ತಿದ್ದುಪಡಿ ಮಾತ್ರ ನಮಗೆ ಅಂತಿಮ. ಗುಂಪಿನಲ್ಲಿ ಎಷ್ಟು ಚರ್ಚೆಯಾದರೂ ಆಗಲಿ, ಅದೆಲ್ಲವನ್ನೂ ಒಟ್ಟು ಮಾಡಿ ಒಂದೇ ಪಟ್ಟಿಯಾಗಿ ಅವರು ಕಳಿಸಲಿ. ಎರಡು ಪ್ರೂಫ್ ಫೋನಿನಲ್ಲಿ ಕೊಡುತ್ತೇವೆ, ಮೂರನೆಯದನ್ನು ಕಾಗದದ ಮೇಲೆ ತೆಗೆದಿಡುತ್ತೇವೆ. ಅದಕ್ಕೆ ಅಂಗಡಿಗೆ ಬಂದು ಓದಿ ರುಜು ಹಾಕಿದ ಮೇಲೆಯೇ ಪ್ಲೇಟಿಗೆ ಹೋಗುತ್ತದೆ. ಬರಲು ಆಗದ ಹಿರಿಯರಿಗೆ ಚಾಮರಾಜಪೇಟೆ, ಬಸವನಗುಡಿ, ಹನುಮಂತನಗರದೊಳಗಾದರೆ ನಮ್ಮ ಹುಡುಗನೇ ಹಾಳೆ ತಂದುಕೊಡುತ್ತಾನೆ. ರುಜುವಾದ ದಿನದಿಂದ ಸಾಧಾರಣ ಪತ್ರಿಕೆಗೆ ನಾಲ್ಕು ಕೆಲಸದ ದಿನ, ಫಾಯಿಲ್ ಅಥವಾ ಡೈ ಕಟಿಂಗ್ (ಬೇಕಾದ ಆಕಾರಕ್ಕೆ ಕತ್ತರಿಸುವುದು) ಇದ್ದರೆ ಏಳು ದಿನ ಬೇಕು. ‘ಅರ್ಜೆಂಟ್’ ದರ ಬಿಟ್ಟರೆ ಉಳಿದ ದರಗಳಲ್ಲಿ ಬದಲಾವಣೆ ಇಲ್ಲ.

ಒಂದು ಕೆಲಸಕ್ಕೆ ಮಾತ್ರ ಈ ನಿಯಮ ಯಾವುದೂ ಅನ್ವಯಿಸುವುದಿಲ್ಲ. ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಉತ್ತರಕ್ರಿಯೆಯ ಪತ್ರಿಕೆಗಳಿಗೆ ಭಾನುವಾರವಾದರೂ, ರಾತ್ರಿಯಾದರೂ ಬಾಗಿಲು ತೆರೆಯುತ್ತೇವೆ. ಸಾವು ಮುಹೂರ್ತ ನೋಡಿ ಬರುವುದಿಲ್ಲ, ಹನ್ನೆರಡು ಹದಿಮೂರು ದಿನದೊಳಗೆ ಎಲ್ಲವೂ ಮುಗಿಯಬೇಕು. ಆ ಮನೆಯವರಿಗೆ ‘ನಾಳೆ ಹತ್ತು ಗಂಟೆಗೆ ಬನ್ನಿ’ ಎನ್ನುವುದು ನಮ್ಮಿಂದಾಗದು. ಅದು ಒಂದೇ ಬಣ್ಣದ, ಚಿಕ್ಕ ಕೆಲಸ, ಆದ್ದರಿಂದ ಮಸಿ ಒಣಗುವ ತೊಂದರೆಯೂ ಕಡಿಮೆ. ಇದಕ್ಕಾಗಿ ಬಾಗಿಲ ಪಕ್ಕದಲ್ಲಿ ಒಂದು ಪ್ರತ್ಯೇಕ ಫೋನ್ ಸಂಖ್ಯೆ ಬರೆಸಿರುತ್ತೇವೆ. ಅದನ್ನು ಫಾಯಿಲ್ ಬಣ್ಣ ಕೇಳಲು ಬಳಸುವುದಿಲ್ಲವೆಂದು ನಂಬಿದ್ದೇವೆ.

ಈ ಬದಲಾವಣೆಯಿಂದ ಕೆಲವು ಗ್ರಾಹಕರು ನಮ್ಮಿಂದ ದೂರವಾಗುತ್ತಾರೆ ಎಂಬ ಅರಿವು ನಮಗಿದೆ. ಇಬ್ಬರು ಇವೆಂಟ್ ಗುತ್ತಿಗೆದಾರರು ಈಗಾಗಲೇ ಹಾಗೆ ಹೇಳಿದ್ದಾರೆ, ಅವರ ಮೇಲೆ ನಮಗೆ ಬೇಸರವಿಲ್ಲ. ಅವರ ವ್ಯಾಪಾರಕ್ಕೆ ರಾತ್ರಿಯೇ ಬೇಕು. ನಿಮಗೂ ಒಂದೇ ದಿನದಲ್ಲಿ ಪತ್ರಿಕೆ ಬೇಕೇಬೇಕಾದರೆ, ಈ ಪೇಟೆಯಲ್ಲೇ ಡಿಜಿಟಲ್ ಯಂತ್ರವಿರುವ ಅಂಗಡಿಗಳಿವೆ. ಅಲ್ಲಿನ ಟೋನರ್ (ಪುಡಿ ಮಸಿ) ಮುದ್ರಣಕ್ಕೆ ಒಣಗುವ ತಾಪತ್ರಯವಿಲ್ಲ, ಐವತ್ತು ನೂರು ಪ್ರತಿಗಳಿಗೆ ಅದೇ ಲಾಭ ಕೂಡ. ಕೇಳಿದರೆ ದಾರಿ ತೋರಿಸುತ್ತೇವೆ.

ಆಷಾಢಕ್ಕೆ ಮೊದಲು ಒಪ್ಪಿಕೊಂಡ ಎಲ್ಲ ಕೆಲಸಗಳನ್ನೂ ಹಳೆಯ ಮಾತಿನಂತೆಯೇ ಮುಗಿಸಿಕೊಡಲಾಗುವುದು. ಮುಂಗಡ ಕೊಟ್ಟಿದ್ದು, ಹೊಸ ವೇಳೆ ಹೊಂದುವುದಿಲ್ಲ ಎನ್ನುವವರು ರಸೀದಿ ತಂದರೆ ಪೂರ್ತಿ ಹಣವನ್ನು ಹಿಂದಿರುಗಿಸುತ್ತೇವೆ. ಅದಕ್ಕೂ ಬೆಳಿಗ್ಗೆ 10ರಿಂದ ಸಂಜೆ 7ರೊಳಗೆ ಬರಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುದ್ರಣಾಲಯದ ಪರವಾಗಿ