ಭಾನುವಾರ ಸೇಂಟ್ ನಿಕೊಲಾಯ್ ಸ್ಮಾರಕಕ್ಕೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹ್ಯಾಂಬರ್ಗ್‌ನ ಯು3 ಮೆಟ್ರೋ ಹತ್ತಿ ರೋಡಿಂಗ್ಸ್‌ಮಾರ್ಕ್ಟ್‌ನಲ್ಲಿ ಇಳಿಯಿರಿ. ಯುದ್ಧದಲ್ಲಿ ಹಾಳಾದ ಹಳೆಯ ಚರ್ಚಿನ 147 ಮೀಟರ್ ಗೋಪುರ, ದಾರಿ ತಪ್ಪುವ ಮಾತೇ ಇಲ್ಲ. 1874ರಿಂದ 1876ರವರೆಗೆ ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡ ಇದೇ ಆಗಿತ್ತು.

ಎರಡನೇ ಮಹಾಯುದ್ಧದಲ್ಲಿ, 1943ರ ಜುಲೈ ಬಾಂಬ್ ದಾಳಿಯಲ್ಲಿ ಚರ್ಚಿನ ಚಾವಣಿ ಕುಸಿಯಿತು. ಗೋಡೆಗಳ ಬಹುಪಾಲನ್ನು 1951ರಲ್ಲಿ ಕೆಡವಿದರು. ಹಾಗಾಗಿ ಜನ ಕೂತು ಪ್ರಾರ್ಥಿಸುತ್ತಿದ್ದ ಜಾಗ ಈಗ ಬರೀ ಬಯಲು: ಟಿಕೆಟ್ ಬೇಡ, ಮಳೆ ಬಂದರೆ ಮಾತ್ರ ಕೊಡೆಯೇ ಗತಿ. ಬಲಿಪೀಠವಿದ್ದ ಕಡೆ ಕಲಾವಿದ ಕೊಕೊಷ್ಕಾ ಅವರ ಕಪ್ಪು-ಬಿಳುಪು ಮೊಸಾಯಿಕ್ ಇದೆ, ಅವಸರದಲ್ಲಿ ದಾಟಿ ಹೋಗಬೇಡಿ.

ಟಿಕೆಟ್ ಬೇಕಾಗುವುದು ನೆಲಮಾಳಿಗೆಯ ಮ್ಯೂಸಿಯಂಗೆ, ಮತ್ತೆ ಸುಮಾರು 76 ಮೀಟರ್ ಮೇಲಕ್ಕೆ ಒಯ್ಯುವ ಗಾಜಿನ ಲಿಫ್ಟ್‌ಗೆ. ಮ್ಯೂಸಿಯಂ ಮೊದಲು ನೋಡಿ; ಸುಟ್ಟ ಊರಿನ ಫೋಟೊ ಕಂಡ ಮೇಲೆಯೇ ಮೇಲಿನ ನೋಟ ಅರ್ಥವಾಗುವುದು. ಗೋಪುರದ ಮೇಲೆ ಕಲ್ಲಿನ ಕಂಡಿಗಳಿಂದ ಗಾಳಿ ನುಗ್ಗುತ್ತೆ, ಮಕ್ಕಳಿಗೆ ಜಾಕೆಟ್ ತನ್ನಿ.